ನಿಲ್ಲಿಸಿದ ಪ್ರೊಟೊಕಾಲನ್ನು ಮತ್ತೆ ಚಾಲೂ ಮಾಡಬೇಡಿ

ಮಾನ್ಯ ಸಂಪಾದಕರೇ,

ಕೇರಳದ ಇತರ ಶಾಲೆಗಳಂತೆ ಮಂಜೇಶ್ವರ ತಾಲೂಕಿನ ನಮ್ಮ ಕನ್ನಡ ಮಾಧ್ಯಮ ಶಾಲೆಯ ಲ್ಯಾಬಿನಲ್ಲೂ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್ ಸಿದ್ಧಪಡಿಸಿದ, ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಇದೆ. ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ವಿಂಡೋಸ್. ಈಚೆಗೆ ಆ ಕಂಪ್ಯೂಟರನ್ನು ಬದಲಿಸಿದ ಮೇಲೆ, ಹಳೆಯ ನಕಲು ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ದಾಖಲೆಗಳು ಅದರ ಫೋಲ್ಡರಿಗೆ ಬಾರದಾದವು. ದುರಸ್ತಿಗೆ ಬಂದವರು ಎಸ್‌ಎಂಬಿ 1 ಎಂಬ ಹಳೆಯ ಪ್ರೊಟೊಕಾಲನ್ನು (ಯಂತ್ರಗಳು ಪರಸ್ಪರ ವ್ಯವಹರಿಸುವ ನಿಯಮಾವಳಿಯನ್ನು) ಮತ್ತೆ ಚಾಲೂ ಮಾಡಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು. ಬೇರೆ ಶಾಲೆ, ಸಹಕಾರಿ ಸಂಘಗಳಲ್ಲೂ ಇದೇ ಉಪಾಯ ನಡೆಯುತ್ತಿರಬಹುದೆಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಡತ ಹಂಚಿಕೊಳ್ಳಲು ವಿಂಡೋಸ್ ಬಳಸುವ ಈ ಪ್ರೊಟೊಕಾಲನ್ನು ಲಿನಕ್ಸಿಗೆ ಒದಗಿಸಿದ್ದು ಸಾಂಬಾ ಎಂಬ ಮುಕ್ತ ತಂತ್ರಾಂಶ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರ ಸುಮಾರಿಗೆ, ಕಂಪ್ಯೂಟರ್‌ಗಳ ನಡುವೆ ಹರಿಯುವ ಮಾಹಿತಿಯನ್ನು ಗಮನಿಸಿಯೇ ಇದನ್ನು ಬರೆಯತೊಡಗಿದರು. ಪ್ರೊಟೊಕಾಲಿನ ವಿವರಗಳನ್ನು ತೆರೆದಿಡಬೇಕೆಂದು ಯುರೋಪಿಯನ್ ಆಯೋಗ 2004ರಲ್ಲಿ ಮೈಕ್ರೋಸಾಫ್ಟ್‌ಗೆ ಆದೇಶಿಸಿ, 2007ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿದ ಬಳಿಕವಷ್ಟೇ ಸಾಂಬಾ ತಂಡಕ್ಕೆ ಅಧಿಕೃತ ದಾಖಲೆಗಳು ದೊರೆತವು. ಇಷ್ಟು ಶ್ರಮದ ಫಲವಾಗಿ ಇಂದು ನಮ್ಮ ಲ್ಯಾಬಿನ ಲಿನಕ್ಸೂ ಕಚೇರಿಯ ವಿಂಡೋಸೂ ಎಸ್‌ಎಂಬಿ 3ರಲ್ಲಿ ಸಲೀಸಾಗಿ ವ್ಯವಹರಿಸುತ್ತವೆ. ತೊಡಕಿರುವುದು ಹೊಸ ಆವೃತ್ತಿಯನ್ನು ಅರಿಯದ ನಕಲು ಯಂತ್ರದಲ್ಲಿ. ಅದೊಂದಕ್ಕಾಗಿ ಉಳಿದ ಕಂಪ್ಯೂಟರ್‌ಗಳ ಭದ್ರತೆಯನ್ನು ಸಡಿಲಿಸುವುದು ನನಗೆ ಸರಿ ಕಾಣುವುದಿಲ್ಲ.

2017ರ ಮೇ ತಿಂಗಳಲ್ಲಿ ಹಬ್ಬಿದ ವಾನ್ನಾಕ್ರೈ ಕುತಂತ್ರಾಂಶವು ವಿಂಡೋಸಿನ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕವೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿತ್ತು. ಬ್ರಿಟನ್ನಿನ ಆಸ್ಪತ್ರೆಗಳಷ್ಟೇ ಅಲ್ಲ, ನಮ್ಮದೇ ರಾಜ್ಯದ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಪಂಚಾಯತು ಕಚೇರಿಗಳ ಕಂಪ್ಯೂಟರ್‌ಗಳೂ ಅದಕ್ಕೆ ಸಿಲುಕಿದ್ದವು. ಆ ದೋಷಕ್ಕೆ ತಿದ್ದುಪಡಿ ಬಂದಿದೆ ನಿಜ. ಆದರೆ ಎಸ್‌ಎಂಬಿ 1ರಲ್ಲಿ ಗೂಢಲಿಪೀಕರಣ ಎಂಬುದೇ ಇಲ್ಲದ್ದರಿಂದ ಮಕ್ಕಳ ಜನನ ದಿನಾಂಕ, ಬ್ಯಾಂಕ್ ಖಾತೆಯ ವಿವರಗಳೆಲ್ಲ ನೆಟ್‌ವರ್ಕಿನಲ್ಲಿ ತೆರೆದ ಅಂಚೆ ಕಾರ್ಡಿನಂತೆ ಸಾಗುತ್ತವೆ. ಮೈಕ್ರೋಸಾಫ್ಟ್ 2017ರ ಕೊನೆಯಿಂದ, ಸಾಂಬಾ 2019ರಿಂದ ಅದನ್ನು ತಾವಾಗಿಯೇ ನಿಲ್ಲಿಸಿಟ್ಟಿರುವುದಕ್ಕೆ ಇಂಥ ಕಾರಣಗಳಿವೆ.

ಆದುದರಿಂದ ಶಾಲೆಗಳೂ ಪಂಚಾಯತುಗಳೂ ಪ್ರಿಂಟರ್, ಸ್ಕ್ಯಾನರ್ ಖರೀದಿಗೆ ದರಪಟ್ಟಿ ಕೇಳುವಾಗ, ಎಸ್‌ಎಂಬಿ 2 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇರಬೇಕು, ವಿಂಡೋಸ್ ಮತ್ತು ಲಿನಕ್ಸ್ ಎರಡರೊಂದಿಗೂ ಕೆಲಸ ಮಾಡಿ ತೋರಿಸಬೇಕು ಎಂಬ ಷರತ್ತನ್ನು ಲಿಖಿತವಾಗಿ ಸೇರಿಸಬೇಕೆಂದು ಶಿಕ್ಷಣ ಇಲಾಖೆಯನ್ನೂ ಜಿಲ್ಲಾ ಪಂಚಾಯತನ್ನೂ ವಿನಂತಿಸುತ್ತೇನೆ. ಇ-ಆಡಳಿತದಲ್ಲಿ ಮುಕ್ತ ಮಾನದಂಡಗಳನ್ನು ಬಳಸಬೇಕೆಂಬ ನೀತಿಯನ್ನು ಕೇಂದ್ರ ಸರಕಾರ 2010ರಲ್ಲೇ ಪ್ರಕಟಿಸಿರುವುದರಿಂದ ಇದು ಹೊಸ ಬೇಡಿಕೆಯೇನಲ್ಲ. ಅಲ್ಲಿಯವರೆಗೆ ಹಳೆಯ ಯಂತ್ರದಿಂದ ಪೆನ್‌ಡ್ರೈವಿಗೆ ಸ್ಕ್ಯಾನ್ ಮಾಡಿಕೊಳ್ಳಬಹುದು. ಎಸ್‌ಎಂಬಿ 1ನ್ನು ಪುನಃ ನಿಲ್ಲಿಸಿ ನಮ್ಮ ಶಾಲೆಯಲ್ಲಿ ಈಗ ಹಾಗೆಯೇ ಮಾಡುತ್ತಿದ್ದೇವೆ.

– ಓರ್ವ ಅಧ್ಯಾಪಕ, ಮಂಜೇಶ್ವರ