ಗೋಡೆಯ ಮೇಲೆ ಕೂತವರು

ಪ್ರೀತಿಯ ಪುಟ್ಟಿ,

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಿಂದ ನೀನು ಕಳಿಸಿದ ಲಾಕೀಷ್ ಕೆತ್ತನೆಯ ಫೋಟೋ ನೋಡಿದೆ. ಯೆಹೂದ ರಾಜ್ಯದ ಲಾಕೀಷ್ ಊರನ್ನು ಗೆದ್ದದ್ದನ್ನು ಅಶ್ಶೂರದ (ಅಸ್ಸೀರಿಯಾದ) ರಾಜ ತನ್ನ ಅರಮನೆ ಗೋಡೆಯಲ್ಲಿ ಕೆತ್ತಿಸಿಕೊಂಡಿದ್ದು ಅದು. ಎತ್ತಿನ ಗಾಡಿಯಲ್ಲಿ ಗಂಟುಮೂಟೆಯ ಮೇಲೆ ಕೂತು ಊರು ಬಿಡುವ ಹೆಂಗಸರು, ಮಕ್ಕಳು. ಇನ್ನೊಂದರಲ್ಲಿ ಶೂಲಕ್ಕೇರಿಸಿದ ಗಂಡಸರು. "ಇಂಥದ್ದನ್ನ ಅರಮನೆ ಗೋಡೆಗೆ ಯಾರಮ್ಮ ಹಾಕ್ಕೋತಾರೆ?" ಅಂತ ಕೇಳಿದ್ದೀಯ. ನೋಡಿದವರು ನಡುಗಲಿ ಅಂತಲೇ ಹಾಕಿದ್ದು ಅನ್ನಿಸುತ್ತೆ ನನಗೆ.

ಅಜ್ಜಿಯ ಹಳೇ ಸತ್ಯವೇದ (ಬೈಬಲ್) ತೆಗೆದು ಎರಡನೇ ಅರಸುಗಳು 18ನೇ ಅಧ್ಯಾಯ ಮತ್ತೆ ಓದಿದೆ. ಕ್ರಿ.ಪೂ. 701. ಅದೇ ಅಶ್ಶೂರದ ರಾಜ ಸನ್ಹೇರೀಬ ಕಳಿಸಿದ ರಬ್ಷಾಕೆ (ಅದು ಹೆಸರಲ್ಲ, ಹುದ್ದೆ) ಯೆರೂಸಲೇಮಿನ ಹೊರಗೆ ಅಗಸರ ಹೊಲದ ದಾರಿಯಲ್ಲಿ, ಮೇಲಿನ ಕೆರೆಯ ಕಾಲುವೆ ಹತ್ತಿರ ನಿಂತ. ಯೆಹೂದದ ರಾಜ ಹಿಜ್ಕೀಯನ ಕಡೆಯ ಮೂವರು ಅಧಿಕಾರಿಗಳು ಬಂದರು. ರಬ್ಷಾಕೆ ಶುರು ಮಾಡಿದ್ದು ಅವರದೇ ಹೀಬ್ರೂ ಭಾಷೆಯಲ್ಲಿ! ಅವರಿಗೆ ಗಾಬರಿ. "ದಯವಿಟ್ಟು ಅರಾಮಿಕ್‌ನಲ್ಲಿ ಮಾತಾಡಿ, ನಮಗೆ ಬರುತ್ತೆ. ನಮ್ಮ ಭಾಷೆ ಆದರೆ ಕೋಟೆ ಗೋಡೆ ಮೇಲಿನ ಜನಕ್ಕೂ ತಿಳಿಯುತ್ತೆ" ಅಂದರು. ಎಡವಟ್ಟು ಮಾಡಿಕೊಂಡರು ಪಾಪ. ಎಲ್ಲಿ ನೋಯುತ್ತೆ ಅಂತ ತಾವೇ ತೋರಿಸಿಕೊಟ್ಟರು. ಅವನು ಇನ್ನೂ ಗಟ್ಟಿಯಾಗಿ ಕೂಗಿದ: ಮುತ್ತಿಗೆ ಬಿದ್ದಾಗ ತಮ್ಮ ಮಲ ತಿಂದು ಮೂತ್ರ ಕುಡಿಯುವ ಗತಿ ಬರೋದು ಅವರಿಗೂ ತಾನೆ? ಅವರಿಗೇ ಹೇಳೋಕೆ ಬಂದಿದ್ದೀನಿ.

ಬರೀ ಬೆದರಿಕೆ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು. ಗೇಲಿಯೂ ಇತ್ತು. ಎರಡು ಸಾವಿರ ಕುದುರೆ ಕೊಡ್ತೀನಿ, ಹತ್ತೋಕೆ ನಿಮ್ಮಲ್ಲಿ ಜನ ಇದ್ದಾರಾ? ಈಜಿಪ್ಟನ್ನು ನಂಬಿದ್ದೀರಾ? ಅದು ಮುರಿದ ಜೊಂಡು, ಊರಿಕೊಂಡವನ ಕೈಗೇ ಚುಚ್ಚುತ್ತೆ. ನಿಮ್ಮ ದೇವರೇ ನನ್ನನ್ನು ಕಳಿಸಿದ್ದು. ಆಮೇಲೆ ಬೆಣ್ಣೆ ಹಚ್ಚಿದ. ಶರಣಾಗಿ, ನಿಮ್ಮ ದ್ರಾಕ್ಷಿ, ನಿಮ್ಮ ಅಂಜೂರ ತಿಂದುಕೊಂಡು, ನಿಮ್ಮ ತೊಟ್ಟಿ ನೀರು ಕುಡಿದುಕೊಂಡು ಇರಿ. ಅದರ ಬಾಲಕ್ಕೆ ಸಣ್ಣದಾಗಿ ಒಂದು ಮಾತು: ನಾನು ಬಂದು ನಿಮ್ಮನ್ನು ಬೇರೆ ದೇಶಕ್ಕೆ ಕರಕೊಂಡು ಹೋಗೋವರೆಗೆ. ನಿನ್ನ ಫೋಟೋದ ಎತ್ತಿನ ಗಾಡಿ ಅದೇ ಕಣೇ.

ಗೋಡೆ ಮೇಲಿನವರು ತುಟಿ ಬಿಚ್ಚಲಿಲ್ಲ. ಉತ್ತರ ಕೊಡಬೇಡಿ ಅಂತ ರಾಜನ ಅಪ್ಪಣೆ. ಹೆದರಲಿಲ್ಲ ಅಂತೇನಲ್ಲ. ಮೂವರೂ ಬಟ್ಟೆ ಹರಿದುಕೊಂಡೇ ರಾಜನ ಹತ್ತಿರ ಹೋದರು, ಕೇಳಿ ಅವನೂ ಹರಿದುಕೊಂಡ. ಸನ್ಹೇರೀಬ ತನ್ನ ಶಾಸನದಲ್ಲಿ 46 ಕೋಟೆ ಊರು ಗೆದ್ದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಅಂತ ಬರೆಸಿಕೊಂಡ. ಯೆರೂಸಲೇಮ್ ಹಿಡಿದೆ ಅಂತ ಮಾತ್ರ ಬರೆಸಿಲ್ಲ.

ನಿನಗೆ ಹೇಳದ ಒಂದು ವಿಷಯ ಇದೆ. ಹೋದ ತಿಂಗಳು ನನಗೆ ಆ 'ಡಿಜಿಟಲ್ ಅರೆಸ್ಟ್' ಫೋನ್ ಬಂದಿತ್ತು, ಪೊಲೀಸರ ಸೋಗಿನಲ್ಲಿ ಹೆದರಿಸಿ ದುಡ್ಡು ಕೀಳೋ ಮೋಸ. ಹಿಂದಿಯಲ್ಲಿ ಗದರಿಸುವಾಗ ಅಷ್ಟೇನೂ ಅನ್ನಿಸಲಿಲ್ಲ. ಆಮೇಲೆ ಇನ್ನೊಬ್ಬ ಬಂದ. ಥೇಟ್ ನಮ್ಮೂರ ಕನ್ನಡ. "ಅಮ್ಮಾ, ಮಗಳ ವೀಸಾ ಗತಿ ಏನಾಗುತ್ತೆ ಯೋಚ್ನೆ ಮಾಡಿ" ಅಂದ. ಕೈ ನಡುಗಿಬಿಟ್ಟಿತು. ಸುಮ್ನಿರೋ ಬುದ್ಧಿ ನನಗೆಲ್ಲಿತ್ತು? ನಲವತ್ತು ನಿಮಿಷ ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾ ಕೂತಿದ್ದೆ. ಚಾರ್ಜ್ ಮುಗಿದು ಫೋನೇ ಆಫ್ ಆಯ್ತು, ದುಡ್ಡು ಉಳೀತು.

ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ.

ನಿನ್ನ
ಅಮ್ಮ