ಗೆದ್ದ ಬಿಡ್ಡನ್ನು ಬಿಡುವ ಮೊದಲು

ಕುಂಜಿಬೆಟ್ಟು, ಉಡುಪಿ

ಚಿರಂಜೀವಿ ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜು ನಿಧಾನಕ್ಕೆ ಓದಿದೆ. ಆನ್‌ಲೈನ್ ಏಲಂನಲ್ಲಿ ಆಳುಪರ ಕಾಲದ ಚಿನ್ನದ ನಾಣ್ಯ ನಿನ್ನ ಹೆಸರಿಗೆ ನಿಂತಿದೆ. ದರ ನಿನ್ನ ಮೂರು ತಿಂಗಳ ಸಂಬಳ. ಅದರ ಮೇಲೆ ಏಲಂ ಕಂಪೆನಿ ಕೊಂಡವರಿಂದ ತೆಗೆದುಕೊಳ್ಳುವ ಕಮಿಷನ್ (ಪ್ರೀಮಿಯಂ), ಜಿಎಸ್‌ಟಿ, ಅಂಚೆ ಖರ್ಚು ಬೇರೆ. ಬೆಳಿಗ್ಗೆ ಎದ್ದು ಒಟ್ಟು ಲೆಕ್ಕ ನೋಡಿದಾಗ ಎದೆ ಧಸಕ್ ಎಂದಿತು, ಈಗ ಬೇಡ ಅನ್ನಿಸಿದೆ. ‘ಫೋನ್ ಎತ್ತದೆ, ಮೇಲ್‌ಗೆ ಉತ್ತರಿಸದೆ ಸುಮ್ಮನಿದ್ದರೆ ಅವರೇ ಕ್ಯಾನ್ಸಲ್ ಮಾಡಿಕೊಳ್ಳುತ್ತಾರಂತೆ, ಹಾಗೆ ಮಾಡಲಾ’ ಎಂದು ಕೇಳಿದ್ದಿ. ಬೇಡ ಮಗಾ. ಬೇರೆ ಯಾವ ದಾರಿಯನ್ನಾದರೂ ಹಿಡಿ, ಅದೊಂದನ್ನು ಹಿಡಿಯಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಂಡು ‘ಆಯ್ತು ದೊಡ್ಡಮ್ಮಾ’ ಅನ್ನುತ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಆ ನಾಣ್ಯದ ಮೇಲೆ ನಿನಗೆ ಮನಸ್ಸಾದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಬಾರಕೂರಿನಿಂದಲೂ ಮಂಗಳೂರಿನಿಂದಲೂ ನಮ್ಮ ಕರಾವಳಿಯನ್ನು ಆಳಿದವರ ನಾಣ್ಯ, ಮೇಲೆ ಜೋಡಿ ಮೀನಿನ ಗುರುತು. ಚಿಕ್ಕಂದಿನಲ್ಲಿ ಬಾರಕೂರಿನ ಕತ್ತಲೆ ಬಸದಿಯ ಕಲ್ಲುಕಂಬಗಳ ನಡುವೆ ನಿನ್ನನ್ನು ಹುಡುಕಿ ಕರೆದುಕೊಂಡು ಬರಬೇಕಾಗುತ್ತಿತ್ತು. ಅಂಥವನಿಗೆ ಈ ಆಸೆ ಬಾರದೆ ಇನ್ಯಾರಿಗೆ ಬರಬೇಕು? ಆಸೆಯ ಬಗ್ಗೆ ನನ್ನ ತಕರಾರಿಲ್ಲ. ಬಿಡ್ ಹಾಕಿದ ಮೇಲೆ ಏನಾಗುತ್ತದೆ ಎಂಬುದು ನಿನಗೆ ಸರಿಯಾಗಿ ಗೊತ್ತಿಲ್ಲ. ಅದನ್ನು ಹೇಳುತ್ತೇನೆ.

ನಮ್ಮ ದೇಶದಲ್ಲಿ 1930ರ ಸರಕು ಮಾರಾಟ ಕಾಯ್ದೆ ಎಂದು ಒಂದುಂಟು. ಅದರ 64ನೇ ಕಲಮು ಏಲಂಗೆ ಸಂಬಂಧಿಸಿದ್ದು. ಏಲಂ ಕೂಗುವವನು ಸುತ್ತಿಗೆ ಬಡಿದೋ ಬೇರೆ ರೂಢಿಯ ರೀತಿಯಲ್ಲೋ ‘ಮುಗಿಯಿತು’ ಎಂದು ಸಾರುವ ತನಕ ಯಾವ ಬಿಡ್ಡುದಾರನಾದರೂ ತನ್ನ ಬಿಡ್ಡನ್ನು ಹಿಂತೆಗೆಯಬಹುದು. ಸಾರಿದ ಗಳಿಗೆಗೆ ಮಾರಾಟ ಪೂರ್ತಿಯಾಯಿತು. ಆನ್‌ಲೈನ್‌ನಲ್ಲಿ ಸುತ್ತಿಗೆಯ ಸದ್ದಿಲ್ಲ, ಗಡಿಯಾರ ಸೊನ್ನೆಗೆ ಬಂದು ನಿನಗೆ ‘ಅಭಿನಂದನೆ’ ಎಂಬ ಮೇಲ್ ಬರುತ್ತದೆ, ಅಷ್ಟೇ ವ್ಯತ್ಯಾಸ. ಕೆಲವು ಸೈಟುಗಳು ಹಾಕಿದ ಬಿಡ್ಡನ್ನು ನಡುವೆಯೂ ಹಿಂತೆಗೆಯುವಂತಿಲ್ಲ ಎಂಬ ಷರತ್ತು ಇಟ್ಟಿರುತ್ತವೆ. ಓದದೆ ಟಿಕ್ ಹಾಕಿದ ನಿಯಮಾವಳಿಯಲ್ಲಿ ಅದೂ ಇದ್ದಿರಬಹುದು, ಇವತ್ತು ಕೂತು ಓದು. ಇಬೇಯಂಥ ವಿದೇಶಿ ಸೈಟಿನಲ್ಲಿ ಕೂಡ ಬಿಡ್ ಹಿಂತೆಗೆಯಲು ಒಪ್ಪುವ ಕಾರಣಗಳು ಬೆರಳೆಣಿಕೆಯವು: ಮೊತ್ತ ಟೈಪಿಸುವಾಗ ಸೊನ್ನೆ ಹೆಚ್ಚಾಯಿತು, ವಸ್ತುವಿನ ವಿವರಣೆಯನ್ನು ಮಾರುವವನು ನಡುವೆ ಬದಲಿಸಿದ, ಮಾರುವವನು ಸಂಪರ್ಕಕ್ಕೇ ಸಿಗುತ್ತಿಲ್ಲ. ಮನಸ್ಸು ಬದಲಾಯಿತು ಎಂಬುದು ಆ ಪಟ್ಟಿಯಲ್ಲಿಲ್ಲ.

ನೀನು ಇನ್ನೊಂದು ಮಾತು ಬರೆದಿದ್ದಿ: ‘ನಾನು ಅಷ್ಟಕ್ಕೆ ಕೂಗಲೇ ಇಲ್ಲ, ಸಿಸ್ಟಮ್ಮೇ ಏರಿಸಿಕೊಂಡು ಹೋಯಿತು.’ ಅದು ಸರಿಯಲ್ಲ. ನೀನು ಗರಿಷ್ಠ ಮೊತ್ತ ಹಾಕಿ ಮಲಗಿದೆ. ಎದುರಿನವನು ಏರಿದಷ್ಟೂ ಕಂಪ್ಯೂಟರು ನಿನ್ನ ಪರವಾಗಿ ಒಂದೊಂದು ಮೆಟ್ಟಿಲು ಏರಿಸಿತು, ನೀನು ಬರೆದುಕೊಟ್ಟ ಮಿತಿಯನ್ನು ದಾಟಲಿಲ್ಲ. ಆ ಮಿತಿಯನ್ನು ಹಾಕಿದ ಬೆರಳು ನಿನ್ನದೇ. ಮಾರಿದವನಿಗೆ ಬರೆಯುವಾಗ ಆ ನೆಪ ಬೇಡ.

ಈಗ ನಿನ್ನ ಸ್ಥಿತಿ ಏನೆಂದರೆ, ಗಡಿಯಾರ ನಿಂತ ಮೇಲೆ ಬೇಡ ಅನ್ನುವ ಹಕ್ಕು ನಿನ್ನ ಕೈಯಲ್ಲಿಲ್ಲ. ಬಿಟ್ಟುಬಿಡಿ ಎಂದು ಕೇಳುವ ಅವಕಾಶ ಮಾತ್ರ ಉಂಟು. ಬಿಡುವುದೋ ಬಿಡದಿರುವುದೋ ಮಾರಿದವನ ಇಷ್ಟ. ಹಣ ಕೊಡದಿದ್ದರೆ ಅವನು ನಿನಗೆ ನೋಟಿಸು ಕೊಟ್ಟು ನಾಣ್ಯವನ್ನು ಮತ್ತೆ ಮಾರಬಹುದು, ಕಡಿಮೆ ಬಂದದ್ದನ್ನು ನಿನ್ನಿಂದ ಕೇಳಬಹುದು. ಇಷ್ಟು ಮೊತ್ತಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ ಎಂದು ನಿನ್ನ ಗೆಳೆಯರು ಹೇಳಿಯೇ ಹೇಳುತ್ತಾರೆ. ಇರಬಹುದು. ಆದರೆ ಅವನು ಕೋರ್ಟಿಗೆ ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ನಮ್ಮ ಮನೆಯ ಹುಡುಗ ನಡೆದುಕೊಳ್ಳಬಾರದು ಎಂಬುದು ನನ್ನ ಆಸೆ.

ಯಾರಿಗೆ ಏನು ನಷ್ಟ ಎಂದು ನೀನು ಯೋಚಿಸಿದ ಹಾಗಿಲ್ಲ. ಮಲ್ಪೆ ದಕ್ಕೆಯಲ್ಲಿ ಬೆಳಗ್ಗಿನ ಮೀನಿನ ಏಲಂ ನೋಡಿದ್ದಿಯಲ್ಲ? ಒಬ್ಬ ಒಂದು ರಾಶಿಗೆ ಕೂಗಿ ಗೆದ್ದು ಮಾಯವಾದರೆ, ಅವನ ಕೆಳಗಿನ ದರ ಕೂಗಿದವನು ಅಷ್ಟರಲ್ಲಿ ಬೇರೆ ಬೋಟಿನ ಮೀನು ಹಿಡಿದು ಟೆಂಪೋ ತುಂಬಿಸಿರುತ್ತಾನೆ. ನಾಣ್ಯ ಮೀನಿನ ಹಾಗೆ ಕೊಳೆಯುವುದಿಲ್ಲ, ಆದರೆ ಅದರ ಹೆಸರು ಕೆಡುತ್ತದೆ. ಹೋದ ಏಲಂನಲ್ಲಿ ಮಾರಿಹೋದ ನಾಣ್ಯ ಮುಂದಿನ ಏಲಂನಲ್ಲಿ ಮತ್ತೆ ಕಂಡರೆ ಸಂಗ್ರಹಕಾರರು ಮೊದಲು ಕೇಳುವುದೇ ‘ಅದರಲ್ಲಿ ಎಂತ ತೊಂದರೆ ಇತ್ತು? ನಕಲಿಯಾ?’ ಎಂದು. ಚಿನ್ನದ ಹಳೆಯ ನಾಣ್ಯಕ್ಕೆ ನಕಲಿಯ ಅನುಮಾನ ಒಮ್ಮೆ ಅಂಟಿದರೆ ತೊಳೆಯುವುದು ಕಷ್ಟ.

ಎರಡನೆಯ ಸ್ಥಾನದಲ್ಲಿ ನಿಂತವನ ಕಥೆ ಇನ್ನೂ ಬೇಸರದ್ದು. ಲೆಕ್ಕಕ್ಕೆ ಹೇಳುತ್ತೇನೆ. ಮೂರನೆಯವನು 40,000ಕ್ಕೆ ನಿಂತ, ಎರಡನೆಯವನು 90,000ದ ತನಕ ಬಂದ, ನೀನು ಅದರ ಮೇಲೆ ಗೆದ್ದೆ ಎಂದಿಟ್ಟುಕೊ. ನೀನು ಇಲ್ಲದೇ ಇದ್ದಿದ್ದರೆ ಅವನಿಗೆ ಆ ನಾಣ್ಯ 40,000ದ ಆಸುಪಾಸಿನಲ್ಲಿ ಸಿಗುತ್ತಿತ್ತು. ಈಗ ನೀನು ಹಿಂದೆ ಸರಿದರೆ ಮಾರುವವನು ಅವನಿಗೆ ‘ನಿಮ್ಮ 90,000ಕ್ಕೇ ತೆಗೆದುಕೊಳ್ಳಿ’ ಎನ್ನುತ್ತಾನೆ. ಕೊಳ್ಳುವ ಮನಸ್ಸೇ ಗಟ್ಟಿಯಿಲ್ಲದವನೊಬ್ಬ ಏರಿಸಿಟ್ಟ ದರವನ್ನು ಆ ಪಾಪದವನು ತೆರಬೇಕು. ಮಾರುವವನೇ ತನ್ನ ಜನರನ್ನು ಬಿಟ್ಟು ಸುಳ್ಳು ಬಿಡ್ ಹಾಕಿಸಿ ದರ ಏರಿಸುವುದುಂಟು. ಹಾಗೆ ಮಾಡಿದರೆ ಕೊಂಡವನು ಮಾರಾಟವನ್ನೇ ರದ್ದು ಮಾಡಬಹುದು ಎಂದು ಅದೇ 64ನೇ ಕಲಮು ಹೇಳುತ್ತದೆ. ಗೆದ್ದು ಮಾಯವಾದ ನಿನ್ನನ್ನು ಹೊರಗಿನಿಂದ ನೋಡುವವರಿಗೆ ನೀನೂ ಅಂಥ ಒಬ್ಬ ಬಾಡಿಗೆ ಕೂಗುಗಾರನ ಹಾಗೆಯೇ ಕಾಣುತ್ತಿ. ಮಾರಿದವನು ಎಷ್ಟೇ ಪ್ರಾಮಾಣಿಕನಾಗಿರಲಿ, ಅನುಮಾನದ ಹೊರೆ ಅವನ ತಲೆಗೆ ಬರುತ್ತದೆ. ನೀನು ಬಾಯಿ ಬಿಟ್ಟು ಹೇಳದಿದ್ದರೆ ಅವನನ್ನು ಕಾಪಾಡುವವರು ಯಾರೂ ಇಲ್ಲ.

ನ್ಯಾಯವಾಗಿಯೇ ಹಿಂದೆ ಸರಿಯುವ ಸಂದರ್ಭಗಳೂ ಉಂಟು, ಅವನ್ನು ಮುಚ್ಚಿಡುವುದಿಲ್ಲ. ತೂಕವೋ ಲೋಹವೋ ವಿವರಣೆಗೆ ಹೊಂದದಿದ್ದರೆ, ಅಸಲಿ ಎಂದು ಬರೆದು ನಕಲಿ ಕೊಟ್ಟರೆ ನೀನು ಧಾರಾಳವಾಗಿ ಬೇಡ ಅನ್ನಬಹುದು, ಹಣ ಕೊಟ್ಟಿದ್ದರೆ ವಾಪಸು ಕೇಳಬಹುದು. ನಾಣ್ಯ ನೂರು ವರ್ಷ ಮೀರಿದ್ದು, ಆದ್ದರಿಂದ 1972ರ ಪುರಾತನ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ. ಅಂಥದ್ದರ ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು, ಅದನ್ನು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವಿಲ್ಲ. ‘ತೋಟ ಅಗೆಯುವಾಗ ಸಿಕ್ಕಿದ್ದು’ ಎಂದು ಮಾರುವವನು ಎಲ್ಲಿಯಾದರೂ ಬಾಯಿ ತಪ್ಪಿ ಹೇಳಿದ್ದರೆ ಅಲ್ಲಿಗೇ ನಿಲ್ಲಿಸು. ಮಣ್ಣಿನಲ್ಲಿ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕಿದರೂ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರಿಂದಲೇ ಕಾನೂನಿದೆ. ಆದರೆ ನಿನ್ನ ಮೆಸೇಜಿನಲ್ಲಿ ಇಂಥ ದೂರು ಒಂದೂ ಇಲ್ಲ. ಇಲ್ಲದ ದೋಷವನ್ನು ಈಗ ಹುಡುಕಲು ಹೋಗಬೇಡ. ಅದು ಸುಮ್ಮನೆ ಹಿಂದೆ ಸರಿಯುವುದಕ್ಕಿಂತ ಕೆಟ್ಟದ್ದು.

ಹಾಗಾದರೆ ಮಾಡುವುದೆಂತ? ಈ ಪತ್ರ ಓದಿದ ದಿನವೇ, ಸಾಧ್ಯವಾದರೆ ಓದಿದ ಗಂಟೆಯಲ್ಲೇ ಬರೆ. ಏಲಂ ಮುಗಿದು ಒಂದು ದಿನವಾದಾಗ ಕೇಳುವುದಕ್ಕೂ ಅವರು ಎರಡು ಸಲ ನೆನಪೋಲೆ ಕಳಿಸಿದ ಮೇಲೆ ಕೇಳುವುದಕ್ಕೂ ತುಂಬಾ ಅಂತರ. ಮೊದಲ ದಿನ ಎರಡನೆಯವನ ಆಸಕ್ತಿ ಇನ್ನೂ ಬಿಸಿಯಾಗಿರುತ್ತದೆ, ಹಣ ಬೇರೆ ಕಡೆ ಹೋಗಿರುವುದಿಲ್ಲ. ಕಂಪೆನಿಗೆ ಒಂದು, ಮಾರಿದವನನ್ನು ನೇರ ಸಂಪರ್ಕಿಸಲು ಬಿಡುತ್ತಾರಾದರೆ ಅವನಿಗೂ ಒಂದು. ಹೀಗೆ ಬರೆದರೆ ಸಾಕು:

‘ನಿಮ್ಮ ಏಲಂನಲ್ಲಿ ಈ ನಾಣ್ಯವನ್ನು ಗೆದ್ದವನು ನಾನು. ನನ್ನ ಶಕ್ತಿ ಮೀರಿ ಬಿಡ್ ಹಾಕಿದ್ದೇನೆ, ಪೂರ್ತಿ ಹಣ ಕೊಡುವುದು ಕಷ್ಟವಾಗಿದೆ. ವಸ್ತುವಿನಲ್ಲಾಗಲಿ ನಿಮ್ಮಲ್ಲಾಗಲಿ ದೋಷವಿಲ್ಲ. ಮಾರಾಟ ರದ್ದುಮಾಡಲು ನೀವು ಒಪ್ಪುವುದಾದರೆ ನಿಮಗೆ ಬಿದ್ದ ಶುಲ್ಕ, ಕಮಿಷನ್ ನಾನು ಕೊಡುತ್ತೇನೆ. ಒಪ್ಪದಿದ್ದರೆ ಹಣ ಹೊಂದಿಸಲು ಸ್ವಲ್ಪ ಸಮಯ ಕೊಡಿ.’

ಕೊನೆಯ ವಾಕ್ಯವನ್ನು ಬಿಡಬೇಡ. ಅದಿಲ್ಲದಿದ್ದರೆ ಉಳಿದದ್ದಕ್ಕೆ ತೂಕ ಬರುವುದಿಲ್ಲ. ಅಮ್ಮನಿಗೆ ಹುಷಾರಿಲ್ಲ, ತಮ್ಮ ಫೋನ್ ಒತ್ತಿದ, ಅಕೌಂಟ್ ಹ್ಯಾಕ್ ಆಯಿತು, ಇಂಥದ್ದೊಂದೂ ಬೇಡ. ಮಾರುವವರು ಇವನ್ನೆಲ್ಲ ಕೇಳಿ ಕೇಳಿ ದಣಿದಿರುತ್ತಾರೆ. ನಿಜವಾಗಿ ಆಸ್ಪತ್ರೆಯಲ್ಲಿ ಕೂತವನೊಬ್ಬ ನಾಳೆ ಅದೇ ಮಾತು ಬರೆದಾಗ ನಂಬದ ಹಾಗೆ ಮಾಡಿದ ಪಾಲು ನಿನಗೆ ಬೇಡ. ಅವರು ಒಪ್ಪಿದರೆ ‘ಮಾರಾಟ ರದ್ದಾಗಿದೆ, ಬಾಕಿ ಇಲ್ಲ’ ಎಂದು ಮೇಲ್‌ನಲ್ಲಿ ಬರೆಸಿಕೊ, ಫೋನಿನ ಮಾತು ಸಾಲದು. ಕಂಪೆನಿ ನಿನ್ನ ಖಾತೆಯನ್ನು ಸ್ವಲ್ಪ ಕಾಲ ಮುಚ್ಚಿದರೆ ಜಗಳಾಡಬೇಡ. ಒಪ್ಪದಿದ್ದರೆ ಹಣ ಕೊಟ್ಟು ನಾಣ್ಯ ತೆಗೆದುಕೊ.

ಇಷ್ಟು ಖಡಾಖಡಿ ಹೇಳಲು ಇನ್ನೊಂದು ಕಾರಣವುಂಟು. ಬಿಜೈಯಲ್ಲಿ ಬ್ಯಾಂಕಿನವರು ಏಲಂಗೆ ಇಟ್ಟಿರುವ ಫ್ಲಾಟಿನ ಮೇಲೆ ನಿನ್ನ ಕಣ್ಣಿದೆ ಎಂದು ನಿನ್ನಮ್ಮ ಹೇಳಿದಳು. ‘ಬಿಡ್ ಹಾಕಿ ನೋಡುವ, ಬೇಡವಾದರೆ ಬಿಡುವ’ ಎಂಬ ಮನಸ್ಸನ್ನು ನಾಣ್ಯದಿಂದ ಅಲ್ಲಿಗೆ ತೆಗೆದುಕೊಂಡು ಹೋದೆಯೋ, ನಿನ್ನನ್ನು ನಾನೂ ಉಳಿಸಲಾರೆ. ಬ್ಯಾಂಕಿನ ಸಾಲ ವಸೂಲಾತಿ ವಿಭಾಗದಲ್ಲಿ ಕೂತು ಕಣ್ಣಾರೆ ಕಂಡ ಮಾತಿದು.

ಸಾಲ ತೀರಿಸದವರ ಅಡವಿನ ಆಸ್ತಿಯನ್ನು ಬ್ಯಾಂಕು ಮಾರಲು ಬಿಡುವ ಸರ್ಫೇಸಿ ಕಾಯ್ದೆಯ 2002ರ ನಿಯಮಗಳ ಪ್ರಕಾರ ಏಲಂ ಗೆದ್ದ ದಿನವೇ, ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ, ಮೊದಲೇ ಕಟ್ಟಿದ ಠೇವಣಿ ಸೇರಿ ದರದ ಶೇಕಡಾ 25 ಕಟ್ಟಬೇಕು. ಮಾರಾಟ ಖಾಯಂ ಆದ ಹದಿನೈದನೆಯ ದಿನದೊಳಗೆ ಉಳಿದದ್ದು. ಬರಹದಲ್ಲಿ ಒಪ್ಪಿಕೊಂಡರೆ ಗಡುವು ಹಿಗ್ಗುತ್ತದೆ, ಆದರೆ ಮೂರು ತಿಂಗಳು ದಾಟುವಂತಿಲ್ಲ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು, ಆಸ್ತಿ ಮತ್ತೆ ಏಲಂಗೆ. ಅಷ್ಟೂ ಹಣ ಇಟ್ಟುಕೊಳ್ಳುವುದು ಅನ್ಯಾಯ, ಬ್ಯಾಂಕಿಗೆ ಆದ ನಷ್ಟದಷ್ಟು ಮಾತ್ರ ಮುರಿದುಕೊಳ್ಳಲಿ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಫೆಬ್ರವರಿಯಲ್ಲಿ ಕೋರ್ಟು ಬ್ಯಾಂಕಿನ ಪರ ನಿಂತಿತು: ಪೂರ್ತಿ ಶೇಕಡಾ 25ನ್ನೂ ಉಳಿಸಿಕೊಳ್ಳಬಹುದು, ಕರಾರು ಮುರಿದಾಗಿನ ನಷ್ಟಪರಿಹಾರದ ಬಗ್ಗೆ ಹೇಳುವ ಕರಾರು ಕಾಯ್ದೆಯ 73, 74ನೇ ಕಲಮುಗಳು ಇಲ್ಲಿ ನೆರವಿಗೆ ಬರುವುದಿಲ್ಲ.

ಕೊಲ್ಲಿಯಲ್ಲಿ ದುಡಿಯುತ್ತಿದ್ದ ಒಬ್ಬರು ಸುರತ್ಕಲ್ ಕಡೆಯ ಒಂದು ಮನೆಯನ್ನು ಹೀಗೆ ಏಲಂನಲ್ಲಿ ಹಿಡಿದರು. ಕಾಲು ಪಾಲು ಕಟ್ಟಿದರು. ಉಳಿದದ್ದಕ್ಕೆ ಗೃಹಸಾಲ ಸಿಗುತ್ತದೆ ಎಂಬ ಭರವಸೆ. ಸಾಲ ಕೊಡುವ ಬ್ಯಾಂಕು ಒಂದಾದ ಮೇಲೊಂದು ದಾಖಲೆ ಕೇಳಿತು, ಮನೆಯೊಳಗೆ ಇದ್ದವರು ಖಾಲಿ ಮಾಡಲಿಲ್ಲ, ಗಡುವು ಮುಗಿಯಿತು. ಅವರ ಹೆಂಡತಿ ನನ್ನ ಮೇಜಿನ ಎದುರು ಕೂತು ‘ಮನೆ ಬೇಡ ಮೇಡಂ, ಕಟ್ಟಿದ ದುಡ್ಡಾದರೂ ಕೊಡಿ’ ಎಂದರು. ಕೊಡುವ ಅಧಿಕಾರ ನನಗಿರಲಿಲ್ಲ. ಯಾರ ಮೇಲೂ ಸಿಟ್ಟು ಮಾಡಲಿಲ್ಲ ಆ ಹೆಂಗಸು. ಫೈಲು ಮುಚ್ಚುವಾಗ ನನ್ನ ಕೈ ನಡುಗಿತ್ತು.

ಬ್ಯಾಂಕು ಆಸ್ತಿಯನ್ನು ಮಾರುವುದು ಇದ್ದಲ್ಲಿ, ಇದ್ದ ಹಾಗೆ. ಆದ್ದರಿಂದ ಫ್ಲಾಟು ಬೇಕೆಂದಿದ್ದರೆ ಠೇವಣಿ ಕಟ್ಟುವ ಮೊದಲೇ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆಸು. ಪಾಲಿಕೆಯ ತೆರಿಗೆ, ಮೆಸ್ಕಾಂ ಬಿಲ್ಲು, ಅಪಾರ್ಟ್‌ಮೆಂಟ್ ಸಂಘದ ನಿರ್ವಹಣೆ ಬಾಕಿ ಎಷ್ಟೆಂದು ವಿಚಾರಿಸು. ಒಳಗೆ ಯಾರು ವಾಸವಿದ್ದಾರೆ, ಡಿಆರ್‌ಟಿಯಲ್ಲಿ (ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ) ಕೇಸುಂಟಾ ಎಂದು ಕೇಳು. ಪೂರ್ತಿ ಹಣ ಎಲ್ಲಿಂದ ಬರುತ್ತದೆಂದು ಕಾಗದದ ಮೇಲೆ ಬರೆದು ನನಗೆ ತೋರಿಸು. ತೋರಿಸದೆ ಲಾಗಿನ್ ಆಗಬೇಡ, ಇದು ನನ್ನ ಅಪ್ಪಣೆ ಎಂದೇ ತಿಳಿ.

ನಾಣ್ಯದ ಸಂಗತಿಗೆ ಬಂದರೆ, ಅವರು ಬಿಡಲು ಒಪ್ಪದೆ ನಿನಗೆ ಹಣ ಕಡಿಮೆ ಬಿದ್ದರೆ ಕ್ರೆಡಿಟ್ ಕಾರ್ಡು ಉಜ್ಜಬೇಡ, ಆ ಬಡ್ಡಿ ನಿನ್ನನ್ನು ತಿಂದುಹಾಕುತ್ತದೆ. ನನ್ನ ಒಂದು ಎಫ್‌ಡಿ ಬರುವ ತಿಂಗಳು ಮುಗಿಯುತ್ತದೆ. ಅದರಿಂದ ಕೊಡುತ್ತೇನೆ, ತಿಂಗಳು ತಿಂಗಳು ತೀರಿಸು. ನಿನ್ನಮ್ಮನಿಗೆ ಇದನ್ನು ನೀನೇ ಹೇಳು, ನನ್ನ ಬಾಯಿಂದ ಹೇಳಿಸಬೇಡ. ಮಾರಿದವನಿಗೆ ಬರೆದದ್ದರ ಪ್ರತಿಯನ್ನು ಇವತ್ತೇ ನನಗೆ ವಾಟ್ಸಾಪ್ ಮಾಡು. ರಾತ್ರಿ ಒಂಬತ್ತರ ತನಕ ಎಚ್ಚರವಿರುತ್ತೇನೆ.

ಇತಿ ನಿನ್ನ
ದೊಡ್ಡಮ್ಮ