ಕೌಂಟ್ ಎಷ್ಟು ಅಂತ ದಿನಾ ನೋಡಬೇಡ, ಪುಟ್ಟಿ

ಶಿವಮೊಗ್ಗ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿ ಅರ್ಧ ಗಂಟೆ ಅತ್ತಳು. "ಅಕ್ಕಾ, ಪ್ಲೇಟ್‌ಲೆಟ್ 22 ಸಾವಿರಕ್ಕೆ ಇಳಿದಿದೆ, ಇನ್ನೇನು ಗತಿ" ಎಂದಳು. ಎಲ್ಲಾದರೂ ರಕ್ತ ಬಂತಾ ಎಂದು ಕೇಳಿದೆ. "ಇಲ್ಲ, ಕಾಲಿನ ಮೇಲೆ ಕೆಂಪು ಚುಕ್ಕೆ ಇವೆ. ಚಿತ್ರಾನ್ನ ತಿಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ" ಎಂದಳು. ನನಗೆ ಅರ್ಧ ಧೈರ್ಯ ಅಲ್ಲೇ ಬಂತು. ಉಳಿದದ್ದನ್ನು ಫೋನಿನಲ್ಲಿ ಹೇಳಿದರೆ ನೀನು "ಹೂಂ ದೊಡ್ಡಮ್ಮ" ಅಂದು ಮುಗಿಸುತ್ತೀಯ. ಅದಕ್ಕೇ ಕಾಗದ.

ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವಳು. ಯಾವ ಔಷಧಿ, ಎಷ್ಟು ಎಂಬುದು ನಿನ್ನ ಡಾಕ್ಟರಿಗೆ ಬಿಟ್ಟದ್ದು. ರಕ್ತ ಹೇಗಿರುತ್ತದೆ ಎಂಬುದು ಮಾತ್ರ ನನಗೂ ಸ್ವಲ್ಪ ಗೊತ್ತು.

ಪ್ಲೇಟ್‌ಲೆಟ್ ಅಂದರೆ ಬಣ್ಣ ಹಾಕಿದ ಸ್ಲೈಡಿನಲ್ಲಿ ನೇರಳೆ ಪುಡಿ ಉದುರಿಸಿದ ಹಾಗೆ ಕಾಣುವ ಚೂರುಗಳು. ರಕ್ತನಾಳ ಎಲ್ಲಿ ಸೀಳಿದರೂ ಮೊದಲು ಓಡಿ ಹೋಗಿ ಅಂಟಿಕೊಳ್ಳುವುದು ಅವೇ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಅವುಗಳ ಆಯುಸ್ಸು ಒಂದು ವಾರ, ಹತ್ತು ದಿನ. ಮೂಳೆಯೊಳಗಿನ ಮಜ್ಜೆ ದಿನಾ ಹೊಸತು ಮಾಡುತ್ತದೆ. ಹಳೆಯದನ್ನು ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮ ನುಂಗುತ್ತದೆ.

ನಿನಗೆ ಬಂದಿರುವ ಐಟಿಪಿ ಎಂಬ ರೋಗದಲ್ಲಿ ಮೈಯ ಕಾವಲುಗಾರರಿಗೇ ತಲೆ ಕೆಟ್ಟಿದೆ. ವೈರಸ್ಸಿನ ಮೇಲೆ ಹೋಗಿ ಕೂತು ಗುರುತು ಹಾಕಬೇಕಾದ ಆ್ಯಂಟಿಬಾಡಿ ಎಂಬ ಪ್ರೋಟೀನ್ ನಿನ್ನ ಪ್ಲೇಟ್‌ಲೆಟ್ ಮೇಲೆ ಕೂರುತ್ತಿದೆ. ಗುಲ್ಮಕ್ಕೇನು ಗೊತ್ತು? ಗುರುತು ಬಿದ್ದದ್ದನ್ನೆಲ್ಲ ನುಂಗುವುದು ಅದರ ಕೆಲಸ. ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರಲ್ಲ, ಅದೇ. ಅದಕ್ಕೇ ಯಾರಾದರೂ "ಇಮ್ಯುನಿಟಿ ಕಮ್ಮಿಯಾಗಿದೆ, ಜಾಸ್ತಿ ಮಾಡಿಕೋ" ಎಂದು ಪುಡಿ, ಕಷಾಯ ತಂದುಕೊಟ್ಟರೆ ತೆಗೆದುಕೊಳ್ಳಬೇಡ. ನಿನ್ನಲ್ಲಿ ಅದು ಕಮ್ಮಿಯಾಗಿಲ್ಲ, ದಾರಿ ತಪ್ಪಿದೆ. ನೀನು ನುಂಗುತ್ತಿರುವ ಸ್ಟೀರಾಯ್ಡ್ ಮಾತ್ರೆಯ ಕೆಲಸವೇ ಅದನ್ನು ತಣ್ಣಗೆ ಮಾಡುವುದು.

"ನಾನೇನು ತಪ್ಪು ಮಾಡಿದೆ, ಹೊರಗಡೆ ತಿಂದಿದ್ದಕ್ಕಾ" ಎಂದು ಅಮ್ಮನನ್ನು ಕೇಳಿದೆಯಂತೆ. ಅದಕ್ಕೊಂದು ಕತೆ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಅಂತ ಒಬ್ಬ ಯುವ ಡಾಕ್ಟರ್. ಐಟಿಪಿಯಲ್ಲಿ ತಪ್ಪು ಮಜ್ಜೆಯದೋ, ರಕ್ತದಲ್ಲಿ ತೇಲುವ ಇನ್ಯಾವುದರದೋ ಎಂದು ಆಗ ಯಾರಿಗೂ ಖಚಿತವಿರಲಿಲ್ಲ. ಈ ಮಹಾನುಭಾವ ರೋಗಿಯೊಬ್ಬರ ರಕ್ತವನ್ನು ತನಗೇ ಹಾಕಿಸಿಕೊಂಡ! ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್ ನೆಲ ಕಚ್ಚಿತು, ಫಿಟ್ಸ್ ಕೂಡ ಬಂತು. ಕೆಲವು ದಿನ ಕಳೆದ ಮೇಲೆ ಕೌಂಟ್ ತಾನಾಗಿ ಮೇಲೆದ್ದಿತು. 1951ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದ. ಅವನ ಹುಚ್ಚು ಧೈರ್ಯವನ್ನು ನಾನು ಹೊಗಳುವುದಿಲ್ಲ, ಅವನ ಅಮ್ಮನಾಗಿದ್ದರೆ ಎರಡು ಬಿಡುತ್ತಿದ್ದೆ. ಆದರೆ ಕೇಡು ಇರುವುದು ರಕ್ತದ ನೀರಿನಲ್ಲಿ ಎಂದು ಗೊತ್ತಾದದ್ದು ಹಾಗೆ. ನೀನು ತಿಂದ ಗೋಬಿ ಮಂಚೂರಿಯಲ್ಲಲ್ಲ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜನ ಕೌಂಟ್ 18 ಸಾವಿರ ಎಂದು ಮೆಷಿನ್ ತೋರಿಸಿತು. ಸ್ಲೈಡ್ ನೋಡದೆ ಹಾಗೇ ಬರೆದುಕೊಟ್ಟೆ. ಮನೆಯವರು ಗಾಬರಿಯಾಗಿ ರಾತ್ರೋರಾತ್ರಿ ದೊಡ್ಡ ಊರಿಗೆ ಓಡಿದರು. ಆಮೇಲೆ ನೋಡಿದರೆ ಅಜ್ಜನ ಪ್ಲೇಟ್‌ಲೆಟ್‌ಗೆ ಏನೂ ಆಗಿರಲಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಅದರಿಂದಾಗಿ ಪ್ಲೇಟ್‌ಲೆಟ್‌ಗಳು ಗುಂಪು ಕಟ್ಟಿಕೊಂಡುಬಿಡುತ್ತವೆ. ಮೆಷಿನ್ ಗುಂಪನ್ನು ಎಣಿಸುವುದಿಲ್ಲ. ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ತೆಗೆದಾಗ ಕೌಂಟ್ ಸರಿಯಾಗಿಯೇ ಬಂತು. ಆ ಅಜ್ಜನ ಮುಖ ಇವತ್ತಿಗೂ ನೆನಪಿದೆ. ಅಲ್ಲಿಂದ ಮುಂದೆ ಸ್ಲೈಡ್ ನೋಡದೆ ನಾನು ಒಂದು ಕೌಂಟೂ ಬರೆದಿಲ್ಲ.

ನಿನ್ನ ಸ್ಲೈಡಿನ ಫೋಟೋ ನಿಮ್ಮಮ್ಮ ಕಳಿಸಿದ್ದಾಳೆ. ಗುಂಪು ಕಟ್ಟಿಲ್ಲ, ನಿನ್ನ ಕೌಂಟ್ ನಿಜವಾಗಿಯೂ ಕಮ್ಮಿಯೇ. ಆದರೆ ಇರುವ ಪ್ಲೇಟ್‌ಲೆಟ್ ದಪ್ಪ ದಪ್ಪ ಇವೆ. ಅಂದರೆ ಮಜ್ಜೆಯಿಂದ ಈಗಷ್ಟೇ ಬಂದ ಎಳೆಯವು. ಎಳೆಯವು ಚುರುಕು. ಅದಕ್ಕೇ ಇಷ್ಟು ಕಮ್ಮಿ ಇದ್ದೂ ನಿನಗೆ ಮೂಗಿನಿಂದ ಹನಿ ರಕ್ತ ಬಂದಿಲ್ಲ.

ಹಾಗಾಗಿ ದಿನಾ ಕೌಂಟ್ ಮಾಡಿಸಬೇಡ. ಡಾಕ್ಟರ್ ಹೇಳಿದ ದಿನ ಸಾಕು. ಇವತ್ತು 24 ಸಾವಿರ, ನಾಳೆ 21 ಸಾವಿರ ಎಂದು ಷೇರು ಮಾರ್ಕೆಟ್ಟಿನ ಹಾಗೆ ನೋಡುತ್ತಾ ಕೂತರೆ ನಿದ್ದೆ ಹೋಗುತ್ತದೆ ಅಷ್ಟೇ. ಸ್ಟೀರಾಯ್ಡ್ ಹೇಗೂ ಅರ್ಧ ನಿದ್ದೆ ತಿನ್ನುತ್ತದೆ. ಅದರ ಬದಲು ಮೈ ನೋಡಿಕೋ. ಬೆಳಿಗ್ಗೆ ಹಲ್ಲುಜ್ಜುವಾಗ ಒಸಡು ನೋಡು. ಸ್ನಾನದಲ್ಲಿ ಕಾಲು ನೋಡು, ಒತ್ತಿದರೂ ಮಾಯವಾಗದ ಚುಕ್ಕೆ ಹೆಚ್ಚಾಗಿವೆಯಾ ಅಂತ. ಬಾಯೊಳಗೆ ರಕ್ತದ ಗುಳ್ಳೆ ಎದ್ದರೆ ಅವತ್ತೇ ಫೋನ್ ಮಾಡು. ಮುಟ್ಟಿನಲ್ಲಿ ಗಂಟೆಗೊಂದು ಪ್ಯಾಡ್ ಬದಲಿಸುವ ಹಾಗಾದರೆ ನಾಚಿಕೊಂಡು ಕೂರಬೇಡ, ಡಾಕ್ಟರಿಗೆ ಹೇಳು. ಯಾವತ್ತೂ ಬಾರದಂಥ ತಲೆನೋವು, ಕಣ್ಣು ಮಂಜು, ಕಪ್ಪು ಮಲ, ತಲೆಗೆ ಪೆಟ್ಟು, ಇವುಗಳಲ್ಲಿ ಒಂದು ಕಂಡರೂ ನೇರ ಆಸ್ಪತ್ರೆಗೆ. ಆಗ ಕೌಂಟ್ ಎಷ್ಟಿತ್ತು ಎಂದು ಯೋಚಿಸುತ್ತಾ ನಿಲ್ಲಬಾರದು.

ತಲೆನೋವು, ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಲೇಬೇಡ. ಇರುವ ನಾಲ್ಕು ಪ್ಲೇಟ್‌ಲೆಟ್‌ಗಳ ಕೈಕಟ್ಟುವ ಮಾತ್ರೆಗಳವು. ಪ್ಯಾರಾಸಿಟಮಾಲ್ ಆಗಬಹುದು. ಸೊಂಟಕ್ಕೆ ಇಂಜೆಕ್ಷನ್ ಕೊಡಲು ಯಾರಾದರೂ ಬಂದರೆ ಮೊದಲು ಐಟಿಪಿ ಇದೆ ಎಂದು ಹೇಳು.

ನಿಮ್ಮ ಮಾವ ಪಪ್ಪಾಯಿ ಎಲೆ ರಸ ಹಿಂಡಿ ಬಾಟಲಿ ತುಂಬಿಟ್ಟಿದ್ದಾರಂತೆ. ಪಾಪ, ಪ್ರೀತಿಯಿಂದ. ಹೋದ ವರ್ಷ ಅವರಿಗೆ ಡೆಂಗಿ ಬಂದಾಗ ಅದನ್ನು ಕುಡಿದು ಕೌಂಟ್ ಏರಿತು ಎಂದು ನಂಬಿದ್ದಾರೆ. ಡೆಂಗಿಯಲ್ಲಿ ಬಿದ್ದ ಕೌಂಟ್ ಜ್ವರ ಬಿಟ್ಟ ಕೆಲವು ದಿನಕ್ಕೆ ತಾನಾಗಿಯೇ ಏರುತ್ತದೆ ಎಂದು ಅವರಿಗೆ ಹೇಳುವವರು ಯಾರು? ನಿನ್ನದು ಬೇರೆ ರೋಗ. ಪ್ಲೇಟ್‌ಲೆಟ್ ದಾನ ಮಾಡಲು ಹುಡುಗರನ್ನೂ ಸಾಲು ನಿಲ್ಲಿಸಿದ್ದಾರಂತೆ. ಹೊರಗಿನಿಂದ ಹಾಕಿದ್ದನ್ನೂ ನಿನ್ನ ಗುಲ್ಮ ನುಂಗಿಹಾಕುತ್ತದೆ. ಜೋರಾಗಿ ರಕ್ತ ಹೋಗುವಾಗ ಬಿಟ್ಟರೆ ಡಾಕ್ಟರ್‌ಗಳು ಅದನ್ನು ಹಾಕುವುದಿಲ್ಲ. ಮಾವನಿಗೆ ನಾನೇ ಹೇಳುತ್ತೇನೆ, ನೀನು ಜಗಳ ಆಡಬೇಡ.

ಸ್ಟೀರಾಯ್ಡಿನ ಬಗ್ಗೆ ಒಂದೇ ಮಾತು: ನೀನಾಗಿ ನಿಲ್ಲಿಸಬೇಡ. ಮುಖ ಉಬ್ಬುತ್ತದೆ, ಹಸಿವು ಜಾಸ್ತಿ, ಸುಮ್ನೆ ಸಿಟ್ಟು ಬರುತ್ತದೆ. ಕನ್ನಡಿ ನೋಡಿ ಬೇಜಾರಾಗಿ ಒಂದು ದಿನ ಡಬ್ಬಿ ಎಸೆಯಬೇಕು ಎನಿಸಬಹುದು. ಮಾತ್ರೆ ನುಂಗುವಷ್ಟು ದಿನ ಮೈ ತನ್ನ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಏಕಾಏಕಿ ನಿಲ್ಲಿಸಿದರೆ ಕುಸಿದು ಬೀಳುತ್ತೀಯ. ಇಳಿಸುವ ಲೆಕ್ಕ ಡಾಕ್ಟರದು. ಸ್ಟೀರಾಯ್ಡಿಗೆ ರೋಗ ಬಗ್ಗದಿದ್ದರೆ ಬೇರೆ ಔಷಧಿಗಳಿವೆ, ಗುಲ್ಮ ತೆಗೆಸುವ ದಾರಿಯೂ ಇದೆ. 1916ರಲ್ಲೇ ಪ್ರಾಗ್ ನಗರದಲ್ಲಿ ಕಾಜ್ನೆಲ್ಸನ್ ಎಂಬ ವೈದ್ಯ ವಿದ್ಯಾರ್ಥಿಯ ಮಾತು ಕೇಳಿ ಅದನ್ನು ಮಾಡಿದ್ದರು. ಈಗಲೇ ಅಷ್ಟು ದೂರ ಯೋಚಿಸಬೇಡ.

ಇನ್ನು, ಗಂಡಿನ ಕಡೆಯವರಿಗೆ ಹೇಳುವುದೋ ಬೇಡವೋ ಎಂದು ನಿಮ್ಮಮ್ಮ ತಲೆ ಕೆಡಿಸಿಕೊಂಡಿದ್ದಾಳೆ. ನನ್ನ ಅಭಿಪ್ರಾಯ, ಹೇಳಬೇಕು. ಇದು ಅಂಟುವ ರೋಗವಲ್ಲ. ಐಟಿಪಿ ಇರುವ ಎಷ್ಟೋ ಹೆಂಗಸರು ಡಾಕ್ಟರ ನಿಗಾದಲ್ಲಿ ಮಕ್ಕಳನ್ನು ಹೆತ್ತಿದ್ದಾರೆ. ಕೇಳಿ ಹಿಂದೆ ಸರಿಯುವವರು ಈಗಲೇ ಸರಿಯಲಿ. ನಿಮ್ಮಮ್ಮ ಇದಕ್ಕೆ ಒಪ್ಪಲಿಲ್ಲ, ನಾನೂ ಬಿಡಲಿಲ್ಲ.

ಗುರುವಾರ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ಇಲ್ಲಿಯವರೆಗಿನ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಡು, ಮೊಬೈಲಿನಲ್ಲಿ ತೋರಿಸಬೇಡ, ನನಗೆ ಕಣ್ಣು ಕಾಣುವುದಿಲ್ಲ. ಹಲ್ಲುಜ್ಜಲು ಮೆತ್ತನೆಯ ಬ್ರಷ್ ತರುತ್ತೇನೆ. ಕೋಡುಬಳೆ ಈ ಸಲ ತರುವುದಿಲ್ಲ, ಒಸಡಿಗೆ ಚುಚ್ಚುತ್ತದೆ. ರವೆ ಉಂಡೆ ತರೋಣವೆಂದರೆ ಸ್ಟೀರಾಯ್ಡ್ ಇರುವಾಗ ಸಕ್ಕರೆ ಏರುತ್ತದೆ. ಅವಲಕ್ಕಿ ಸಾಕಾ?

ನಿನ್ನ
ದೊಡ್ಡಮ್ಮ